ಗಾಂಜಾ ಗಿಡ ತನ್ನ ರಾಳವನ್ನು ಎಲ್ಲಿ ಬಚ್ಚಿಡುತ್ತದೆ?

ಗಾಂಜಾ ಗಿಡದ ಯಾವ ಜೀವಕೋಶದೊಳಗೆ ಅಮಲು ಬರಿಸುವ ಟಿಎಚ್‌ಸಿ ತಯಾರಾಗುತ್ತದೆ ಎಂದು ಯಾರಾದರೂ ಕೇಳಿದರೆ, ಸರಿಯಾದ ಉತ್ತರ ‘ಯಾವುದರೊಳಗೂ ಅಲ್ಲ’ ಎಂಬುದು. ಜೀವಂತ ಗಿಡದಲ್ಲಿ ಟಿಎಚ್‌ಸಿ ಇರುವುದೇ ಅತ್ಯಲ್ಪ. ಇರುವುದು ಅದರ ಆಮ್ಲರೂಪವಾದ ಟಿಎಚ್‌ಸಿಎ. ಈ ಟಿಎಚ್‌ಸಿಎ ಕೂಡ ಕೋಶದೊಳಗೆ ಹುಟ್ಟುವುದಿಲ್ಲ. ಕೋಶದ ಗೋಡೆಯಾಚೆ, ಹೊರಪೊರೆಯ ಅಡಿಯಲ್ಲಿ ಉಬ್ಬಿಕೊಂಡ ಒಂದು ಸಣ್ಣ ಪೊಳ್ಳಿನಲ್ಲಿ ಅದು ರೂಪುಗೊಳ್ಳುತ್ತದೆ, ಅಲ್ಲೇ ರಾಳವಾಗಿ ಶೇಖರವಾಗುತ್ತದೆ. ಈ ಗಿಡದ ರಸಾಯನಶಾಸ್ತ್ರದ ಬಗ್ಗೆ ಬರುವ ಬಹುತೇಕ ಬರಹಗಳು ಅಣುಗಳ ಹೆಸರುಗಳಲ್ಲೇ ಮುಳುಗಿಬಿಡುತ್ತವೆ. ನನಗೆ ಅದಕ್ಕಿಂತ ಜಾಗದ ಪ್ರಶ್ನೆಯೇ ದೊಡ್ಡದು ಅನ್ನಿಸುತ್ತದೆ. ಏನು ತಯಾರಾಗುತ್ತದೆ ಎಂಬುದು ಎಲ್ಲಿ ತಯಾರಾಗುತ್ತದೆ ಎಂಬುದಕ್ಕೆ ಬಿಗಿಯಾಗಿ ಅಂಟಿಕೊಂಡಿದೆ.

ಮೊದಲು ಆ ಜಾಗವನ್ನು ನೋಡೋಣ. ಹೆಣ್ಣು ಹೂವಿನ ಅಂಡಾಶಯವನ್ನು ಒಂದು ಪುಟ್ಟ ಹಸಿರು ಎಲೆಯಂಥ ಕವಚ ಸುತ್ತಿಕೊಂಡಿರುತ್ತದೆ. ಸಸ್ಯಶಾಸ್ತ್ರದವರು ಅದನ್ನು ಬ್ರ್ಯಾಕ್ಟ್ ಎನ್ನುತ್ತಾರೆ. ಮೂವತ್ತು ಪಟ್ಟು ಹಿಗ್ಗಿಸುವ ಮಸೂರದಡಿ ಆ ಕವಚದ ಮೈತುಂಬ ಗುಂಡುಸೂಜಿ ಚುಚ್ಚಿಟ್ಟಂತೆ ಕಾಣುತ್ತದೆ: ಕೆಳಗೆ ತೆಳ್ಳನೆಯ ಕಾಂಡ, ಮೇಲೆ ಗಾಜಿನಂತೆ ಹೊಳೆಯುವ ದುಂಡನೆಯ ತಲೆ. ಇವೇ ಕಾಂಡವುಳ್ಳ ಗ್ರಂಥಿರೋಮಗಳು, ಪ್ರಯೋಗಾಲಯದ ಮಾತಿನಲ್ಲಿ ಟ್ರೈಕೋಮ್‌ಗಳು. ತಲೆಯ ಅಡ್ಡಳತೆ ಹೆಚ್ಚೂಕಡಿಮೆ 100 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ. ಕಾಂಡ ಕೆಲವು ನೂರು ಮೈಕ್ರೋಮೀಟರ್ ಎತ್ತರಕ್ಕೂ ಬೆಳೆಯಬಹುದು. ಅದೇ ಹೂವಿನಿಂದ ಹೊರಚಾಚಿರುವ ಬಿಳಿ ಅಥವಾ ಕಂದು ಎಳೆಗಳು ಶಲಾಕಾಗ್ರಗಳು, ಪರಾಗ ಹಿಡಿಯುವ ಅಂಗಗಳು. ಅವುಗಳನ್ನೇ ರಾಳದ ಕೂದಲು ಎಂದುಕೊಳ್ಳುವವರು ಬಹಳ ಜನ. ಆದರೆ ಅವುಗಳ ಮೇಲೆ ಗ್ರಂಥಿಗಳಿರುವುದಿಲ್ಲ.

ಗಿಡದ ಮೇಲಿನ ಕೂದಲುಗಳೆಲ್ಲ ಗ್ರಂಥಿಗಳೂ ಅಲ್ಲ. ಎಲೆಯ ಮೇಲ್ಮೈಯಲ್ಲಿ ಗಿಡ್ಡಗೆ, ಬುಡ ದಪ್ಪಗೆ, ತುದಿ ಕೊಕ್ಕೆಯಂತೆ ಬಾಗಿರುವ ಕೂದಲುಗಳಿವೆ. ಬುಡದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಗಂಟು ಕೂತಿರುತ್ತದೆ. ಇದಕ್ಕೆ ಸಿಸ್ಟೊಲಿತ್ ಎಂದು ಹೆಸರು. ಒಂದು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟರೆ ಅಲ್ಲಿಂದ ಇಂಗಾಲದ ಡೈಆಕ್ಸೈಡಿನ ಗುಳ್ಳೆ ಏಳುವುದು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಕಾಣುತ್ತದೆ. ಎಲೆಯ ಕೆಳಮೈಯಲ್ಲಿರುವವು ಉದ್ದನೆಯ, ತೆಳ್ಳನೆಯ, ಮೊನಚಾದ ಕೂದಲುಗಳು. ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ ಪುಡಿಯಾದ ಎಲೆಚೂರನ್ನು ಗುರುತಿಸುವಾಗ ಮೊದಲು ಹುಡುಕುವುದು ಈ ಎರಡನ್ನೇ: ಒಂದೇ ಚೂರಿನ ಮೇಲ್ಮೈಯಲ್ಲಿ ಸಿಸ್ಟೊಲಿತ್ ಕೂದಲು, ಕೆಳಮೈಯಲ್ಲಿ ಉದ್ದ ಕೂದಲು. ಸಿಸ್ಟೊಲಿತ್ ಒಂದನ್ನೇ ಕಂಡು ತೀರ್ಮಾನಿಸಿದರೆ ಎಡವಟ್ಟಾಗುತ್ತದೆ. ಬೇರೆ ಹಲವು ಗಿಡಗಳಲ್ಲೂ ಅದಿದೆ. ಅದಕ್ಕೇ ಕೂದಲಿನ ಪರೀಕ್ಷೆಯ ಜೊತೆಗೆ ಬಣ್ಣದ ಪರೀಕ್ಷೆ, ಆಮೇಲೆ ಅಣುಗಳನ್ನು ಬೇರ್ಪಡಿಸಿ ಅಳೆಯುವ ಕ್ರೊಮಟೋಗ್ರಫಿ ಎಂಬ ಕ್ರಮ ಬಂದಿರುವುದು.

ಗ್ರಂಥಿಗಳಲ್ಲಿ ಮೂರು ಬಗೆ. ತೀರಾ ಚಿಕ್ಕವು ಬಲ್ಬಿನಾಕಾರದವು. ಒಂದರಿಂದ ನಾಲ್ಕು ಕೋಶಗಳ ತಲೆ, ಬರಿಗಣ್ಣಿಗೆ ಕಾಣುವ ಮಾತೇ ಇಲ್ಲ, ಕ್ಯಾನಬಿನಾಯ್ಡ್, ಅಂದರೆ ಟಿಎಚ್‌ಸಿಎ ಗುಂಪಿನ ಅಣುಗಳ ಲೆಕ್ಕದಲ್ಲಿ ಅವುಗಳ ಪಾಲೂ ನಗಣ್ಯ. ಎರಡನೆಯವು ಎಲೆಗೆ ಅಂಟಿ ಕೂತಂತಿರುವ, ಕಾಂಡ ಇಲ್ಲವೆನ್ನುವಷ್ಟು ಗಿಡ್ಡನೆಯ ಗ್ರಂಥಿಗಳು. ಮೂರನೆಯವು ಆಗಲೇ ಹೇಳಿದ ಕಾಂಡದ ಗ್ರಂಥಿಗಳು. ಎರಡನೆಯದು ಮೂರನೆಯದರ ಎಳೆಯ ರೂಪವೋ ಅಥವಾ ಬೇರೆಯೇ ಬಗೆಯೋ ಎಂಬುದು ಬಹುಕಾಲ ಗೊಂದಲವಾಗಿತ್ತು. 2020ರಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಕೋಶಗಳನ್ನು ಎಣಿಸಿಯೇ ಇದನ್ನು ಬಗೆಹರಿಸಿತು. ಎಲೆಯ ಮೇಲೆ ಕೂತ ಗ್ರಂಥಿಗಳ ತಲೆಯಲ್ಲಿ ಸ್ರವಿಸುವ ಕೋಶಗಳು ಎಂಟು. ಹೂವಿನ ಕಾಂಡದ ಗ್ರಂಥಿಗಳಲ್ಲಿ 12ರಿಂದ 16. ಎಳೆಯ ಹೂವಿನ ಮೇಲೆ ಇನ್ನೂ ಕಾಂಡ ಬೆಳೆಯದೆ ಕೂತಂತೆ ಕಾಣುವ ಗ್ರಂಥಿಯಲ್ಲೂ ಎಣಿಸಿದರೆ ಎಂಟಕ್ಕಿಂತ ಹೆಚ್ಚು ಕೋಶಗಳೇ ಸಿಗುತ್ತವೆ. ಅಂದರೆ ನೋಟಕ್ಕೆ ಎರಡೂ ಒಂದೇ ಥರ ಕಂಡರೂ ಹೂವಿನ ಮೇಲಿನದು ಮುಂದೆ ಕಾಂಡ ಬೆಳೆಸುವ ಜಾತಿ, ಎಲೆಯ ಮೇಲಿನದು ಹಾಗೇ ಉಳಿಯುವ ಜಾತಿ. ಒಳಗಿನ ಸರಕಿನಲ್ಲೂ ವ್ಯತ್ಯಾಸವಿದೆ. ಹೂವಿನ ಗ್ರಂಥಿಗಳಲ್ಲಿ ವಾಸನೆ ಕೊಡುವ, ಹತ್ತು ಇಂಗಾಲದ ಮೊನೊಟರ್ಪೀನ್‌ಗಳ ಪಾಲು ಹೆಚ್ಚು. ಎಲೆಯ ಎಂಟು ಕೋಶದ ಗ್ರಂಥಿಗಳಲ್ಲಿ ಹದಿನೈದು ಇಂಗಾಲದ ಸೆಸ್ಕ್ವಿಟರ್ಪೀನ್‌ಗಳದ್ದೇ ಮೇಲುಗೈ. ನೇರಳಾತೀತ ಬೆಳಕು ಬಿಟ್ಟರೆ ಮಾಗಿದ ಕಾಂಡದ ಗ್ರಂಥಿ ನೀಲಿಯಾಗಿ ಹೊಳೆಯುತ್ತದೆ, ಎಲೆಯ ಗ್ರಂಥಿ ಕೆಂಪಿನತ್ತ ವಾಲುತ್ತದೆ. ಬಣ್ಣ ಹಚ್ಚದೆ, ಕತ್ತರಿಸದೆ ಎರಡನ್ನೂ ಬೇರೆಮಾಡಿ ನೋಡುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಈಗ ಒಂದು ಕಾಂಡದ ಗ್ರಂಥಿಯನ್ನು ನಡುವೆ ಸೀಳಿ ನೋಡಿದೆವು ಎಂದುಕೊಳ್ಳಿ. ಕೆಳಗಿನಿಂದ ಮೇಲಕ್ಕೆ ಬಂದರೆ ಮೊದಲು ಹಲವು ಕೋಶಗಳ ಕಾಂಡ. ಅದರ ಮೇಲೆ ಕುತ್ತಿಗೆಯಂತೆ ಕಿರಿದಾದ ಕೆಲವೇ ಕೋಶಗಳು. ಅವುಗಳ ಮೇಲೆ ತಟ್ಟೆಯಂತೆ ಒಂದೇ ಪದರದಲ್ಲಿ ಹರಡಿಕೊಂಡ ಸ್ರವಿಸುವ ಕೋಶಗಳು. ಇವೇ ಕಾರ್ಖಾನೆ. ತಟ್ಟೆಯ ಮೇಲೆ ಗುಮ್ಮಟದಂತೆ ಉಬ್ಬಿದ ಪೊಳ್ಳು, ಅದರ ಮೇಲೆ ಮೇಣದಂಥ ಹೊರಪೊರೆ. ಪೊಳ್ಳು ಹುಟ್ಟುವ ಬಗೆ ವಿಚಿತ್ರವಾಗಿದೆ. ಹೊರಪೊರೆ ಕೋಶಭಿತ್ತಿಯಿಂದ ಸುಮ್ಮನೆ ಸುಲಿದು ಮೇಲೇಳುವುದಲ್ಲ. ತಟ್ಟೆಕೋಶಗಳ ಮೇಲ್ಭಾಗದ ಗೋಡೆಯೇ ತನ್ನೊಳಗೆ ಅಡ್ಡಡ್ಡಲಾಗಿ ಬಿರಿಯುತ್ತದೆ. ಗೋಡೆಯ ಒಂದು ಪದರ ಕೋಶಗಳ ಜೊತೆ ಕೆಳಗುಳಿಯುತ್ತದೆ, ಇನ್ನೊಂದು ಹೊರಪೊರೆಗೆ ಅಂಟಿಕೊಂಡು ಮೇಲೆ ಹೋಗುತ್ತದೆ. ನಡುವಿನ ಬಿರುಕಿಗೆ ರಾಳ ತುಂಬಿ ತುಂಬಿ ಅದು ಗುಮ್ಮಟವಾಗುತ್ತದೆ. ಒಳಗಿರುವುದು ಒಂದೇ ಸಮನಾದ ಎಣ್ಣೆಯಲ್ಲ, ಸಣ್ಣ ಸಣ್ಣ ಹನಿಗಳಾಗಿ ತುಂಬಿಕೊಂಡ ಸರಕು. ಇಂಡಿಯಾನಾ ವಿಶ್ವವಿದ್ಯಾಲಯದ ಪಾಲ್ ಮಾಲ್‌ಬರ್ಗ್ ಮತ್ತು ಅವರ ಸಹಚರರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಹಿಡಿದು ದಶಕಗಳ ಕಾಲ ಬಿಡಿಸಿಟ್ಟ ಸಂಗತಿಗಳಲ್ಲಿ ಇದೂ ಒಂದು.

ಇಷ್ಟೆಲ್ಲ ಕಟ್ಟಡ ಯಾಕೆ? ಒಳಗಿರುವುದು ಗಿಡಕ್ಕೇ ವಿಷ, ಅದಕ್ಕೆ. ಟಿಎಚ್‌ಸಿಎಯನ್ನೂ ಅದರ ಪೂರ್ವರೂಪವಾದ ಸಿಬಿಜಿಎಯನ್ನೂ ಸಸ್ಯಕೋಶಗಳ ಮೇಲೆ ಬಿಟ್ಟು ನೋಡಿದ ಪ್ರಯೋಗಗಳಲ್ಲಿ ಕೋಶಗಳು ಸತ್ತಿವೆ. ತಂಬಾಕಿನ ಕೋಶಗಳಷ್ಟೇ ಅಲ್ಲ, ಗಾಂಜಾ ಗಿಡದ ಸ್ವಂತ ಎಲೆಕೋಶಗಳೂ ಸತ್ತಿವೆ. ಹೊಡೆತ ಬೀಳುವುದು ಮೈಟೊಕಾಂಡ್ರಿಯಾಕ್ಕೆ. ಗಿಡ ತನ್ನ ಆಯುಧದಿಂದ ತಾನೇ ಪೆಟ್ಟು ತಿನ್ನದಿರಬೇಕಾದರೆ ಆಯುಧ ಮನೆಯ ಹೊರಗಿರಬೇಕು. ಮುಂದೆ ಹೇಳುವ ರಸಾಯನಿಕ ದಾರಿಯನ್ನು ಈ ಒಂದು ಮಾತು ನೆನಪಿಟ್ಟುಕೊಂಡು ಓದಿದರೆ ಅದರ ತಿರುವುಗಳು ತಾವೇ ಬಿಚ್ಚಿಕೊಳ್ಳುತ್ತವೆ.

ಇಂಗಾಲದ ಲೆಕ್ಕ

ಇಲ್ಲಿ ಅಣುಗಳನ್ನು ಕಂಠಪಾಠ ಮಾಡುವ ಅಗತ್ಯವಿಲ್ಲ. ಇಂಗಾಲದ ಪರಮಾಣುಗಳನ್ನು ಎಣಿಸುತ್ತ ಹೋದರೆ ಸಾಕು.

ಮೊದಲ ಸರಕು ಹೆಕ್ಸನೋಯಿಕ್ ಆಮ್ಲ, ಆರು ಇಂಗಾಲದ ಪುಟ್ಟ ಕೊಬ್ಬಿನಾಮ್ಲ. ತಟ್ಟೆಕೋಶದ ದ್ರವದಲ್ಲಿ ಒಂದು ಕಿಣ್ವ ಅದಕ್ಕೆ ಕೋಎನ್‌ಜೈಮ್-ಎ ಎಂಬ ಹಿಡಿಕೆ ಜೋಡಿಸುತ್ತದೆ. ಈಗ ಅದು ಹೆಕ್ಸನೋಯಿಲ್-ಕೋಎ. ಇದಕ್ಕೆ ಮೂರು ಮಲೋನಿಲ್-ಕೋಎ ಅಣುಗಳು ಸೇರುತ್ತವೆ, ಒಂದೊಂದರಿಂದ ಎರಡೆರಡು ಇಂಗಾಲ ಉಳಿಯುತ್ತದೆ. ಆರಕ್ಕೆ ಆರು ಸೇರಿ ಹನ್ನೆರಡು ಇಂಗಾಲದ ಸರಪಳಿ. ಅದು ಸುತ್ತಿ ಉಂಗುರವಾದರೆ ಆಲಿವೆಟೋಲಿಕ್ ಆಮ್ಲ.

ಈ ಉಂಗುರ ಕಟ್ಟುವ ಹಂತ ಸಂಶೋಧಕರನ್ನು ಬಹಳ ದಿನ ಸತಾಯಿಸಿತು. ಸರಪಳಿ ಹೆಣೆಯುವ ಕಿಣ್ವ ಸಿಕ್ಕಿತ್ತು, ಆದರೆ ಅದನ್ನು ಪ್ರನಾಳದಲ್ಲಿ ಒಂಟಿಯಾಗಿ ಓಡಿಸಿದರೆ ಬರುತ್ತಿದ್ದುದು ಆಲಿವೆಟೋಲ್, ಅಂದರೆ ಆಮ್ಲದ ಬಾಲ ಉದುರಿಹೋದ ಅಣು. ಮುಂದಿನ ಹಂತದ ಕಿಣ್ವಕ್ಕೋ ಆ ಬಾಲವಿರುವ ಆಮ್ಲವೇ ಬೇಕು, ಆಲಿವೆಟೋಲ್ ಕೊಟ್ಟರೆ ನಡೆಯದು. ಕೊಂಡಿ ಕಳಚಿದ್ದು ಎಲ್ಲಿ ಎಂಬುದು 2012ರಲ್ಲಿ ಗೊತ್ತಾಯಿತು. ಆಲಿವೆಟೋಲಿಕ್ ಆಮ್ಲ ಸೈಕ್ಲೇಸ್ ಎಂಬ ಇನ್ನೊಂದು ಚಿಕ್ಕ ಪ್ರೋಟೀನು, ಬರೀ 101 ಅಮೈನೋ ಆಮ್ಲಗಳದ್ದು, ಪಕ್ಕದಲ್ಲಿದ್ದು ಸರಪಳಿಯನ್ನು ಬಾಲ ಕಳೆಯದಂತೆ ಮಡಚುತ್ತದೆ. ಅದಿಲ್ಲದಿದ್ದರೆ ಇಡೀ ಸಾಲು ಅಲ್ಲಿಗೇ ನಿಲ್ಲುತ್ತದೆ. ಈ ಆಮ್ಲದ ಬಾಲದ ಮಾತು ಕೊನೆಯಲ್ಲಿ ಅಳತೆಯ ವಿಷಯ ಬಂದಾಗ ಮತ್ತೆ ಬೇಕಾಗುತ್ತದೆ.

ಎರಡನೆಯ ಸರಕು ಜೆರಾನಿಲ್ ಪೈರೋಫಾಸ್ಫೇಟ್, ಹತ್ತು ಇಂಗಾಲದ್ದು. ಇದು ತಯಾರಾಗುವುದು ಪ್ಲಾಸ್ಟಿಡ್‌ಗಳಲ್ಲಿ. ತಟ್ಟೆಕೋಶದ ಪ್ಲಾಸ್ಟಿಡ್‌ಗಳು ಎಲೆಯ ಹಸಿರು ಕಣಗಳಂತಲ್ಲ, ಒಳಗಿನ ಪೊರೆಗಳು ಜಾಲರಿಯಂತೆ ಹೆಣೆದುಕೊಂಡ ವಿಶೇಷ ರೂಪ. ಹೂವಿನ ವಾಸನೆಗೆ ಕಾರಣವಾದ ಮೊನೊಟರ್ಪೀನ್‌ಗಳಿಗೂ ಇದೇ ಅಣು ಕಚ್ಚಾವಸ್ತು. ಒಂದೇ ತೊಟ್ಟಿಯಿಂದ ಎರಡು ಕೊಳಾಯಿ ತೆಗೆದಂತೆ, ವಾಸನೆಯೂ ಕ್ಯಾನಬಿನಾಯ್ಡೂ ಒಂದೇ ಜೆರಾನಿಲ್ ಪೈರೋಫಾಸ್ಫೇಟನ್ನು ಹಂಚಿಕೊಳ್ಳುತ್ತವೆ. ಸೆಸ್ಕ್ವಿಟರ್ಪೀನ್‌ಗಳ ಲೆಕ್ಕ ಬೇರೆ. ಅವು ಕೋಶದ್ರವದಲ್ಲಿ ಇನ್ನೊಂದು ದಾರಿಯಿಂದ ಬರುತ್ತವೆ.

ಪ್ಲಾಸ್ಟಿಡ್‌ನ ಪೊರೆಯಲ್ಲಿ ಕೂತ ಪ್ರೆನಿಲ್‌ಟ್ರಾನ್ಸ್‌ಫರೇಸ್ ಎಂಬ ಕಿಣ್ವ ಹನ್ನೆರಡು ಇಂಗಾಲದ ಆಲಿವೆಟೋಲಿಕ್ ಆಮ್ಲಕ್ಕೆ ಹತ್ತು ಇಂಗಾಲದ ಜೆರಾನಿಲ್ ಸರಪಳಿಯನ್ನು ಹೊಲಿಯುತ್ತದೆ. ಇಪ್ಪತ್ತೆರಡು ಇಂಗಾಲದ ಸಿಬಿಜಿಎ ಸಿದ್ಧ. ಉಳಿದೆಲ್ಲ ಕ್ಯಾನಬಿನಾಯ್ಡ್‌ಗಳ ತಾಯಿ ಇದೇ. ಆರಂಭದಲ್ಲಿ ಆರು ಇಂಗಾಲದ ಬದಲು ನಾಲ್ಕು ಇಂಗಾಲದ ಬ್ಯುಟೈರಿಲ್-ಕೋಎ ಒಳಗೆ ಬಂದರೆ ಇದೇ ಸಾಲು ಇಪ್ಪತ್ತು ಇಂಗಾಲದ ತಂಗಿ ಅಣುಗಳನ್ನು ಕೊಡುತ್ತದೆ. ಟಿಎಚ್‌ಸಿವಿ ಗುಂಪಿನವು ಹುಟ್ಟುವುದು ಹಾಗೆ.

ಗಮನಿಸಿ, ಈ ದಾರಿಯಲ್ಲಿ ಎರಡು ಬಾರಿ ಗಡಿ ದಾಟಬೇಕು. ಕೋಶದ್ರವದ ಆಮ್ಲ ಪ್ಲಾಸ್ಟಿಡ್‌ಗೆ ಬಂತು. ಪ್ಲಾಸ್ಟಿಡ್‌ನ ಸಿಬಿಜಿಎ ಈಗ ಕೋಶದ ಹೊರಗೆ ಹೋಗಬೇಕು. ಸಿಬಿಜಿಎ ನೀರಿನಲ್ಲಿ ಕರಗುವ ಪೈಕಿ ಅಲ್ಲ, ಎಣ್ಣೆಯ ಸ್ವಭಾವದ್ದು. ಕೋಶದ್ರವದಲ್ಲಿ ತೇಲಿಕೊಂಡು ಅಲೆದಾಡುವ ಹಾಗಿಲ್ಲ, ಅಲೆದಾಡಿದರೆ ಕೋಶಕ್ಕೂ ಒಳ್ಳೆಯದಲ್ಲ. ಈ ಸಾಗಣೆಯ ಒಂದು ಸುಳಿವು 2022ರಲ್ಲಿ ಅದೇ ಬ್ರಿಟಿಷ್ ಕೊಲಂಬಿಯಾ ತಂಡದಿಂದ ಸಿಕ್ಕಿತು. ತಟ್ಟೆಯ ಕೋಶಗಳು ಬಿಡಿಬಿಡಿಯಾಗಿ ಕೆಲಸ ಮಾಡುವುದಿಲ್ಲ. ಅವುಗಳ ನಡುವೆ ಅಗಲವಾದ ಕೋಶದ್ರವದ ಸೇತುವೆಗಳಿದ್ದು, ಇಡೀ ತಟ್ಟೆ ಒಂದೇ ದೊಡ್ಡ ಕೋಶದಂತೆ ವರ್ತಿಸುತ್ತದೆ. ತಂಡ ಇದನ್ನು ಸೂಪರ್‌ಸೆಲ್ ಎಂದು ಕರೆಯಿತು. ಆ ಸೂಪರ್‌ಸೆಲ್‌ಗೆ ಮೇಲು-ಕೆಳಗು ಎಂಬ ದಿಕ್ಕಿದೆ. ಪ್ಲಾಸ್ಟಿಡ್‌ಗಳೂ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಎಂಬ ಪೊರೆಜಾಲವೂ ಪೊಳ್ಳಿನ ಕಡೆಯ ಪೊರೆಯ ಹತ್ತಿರ ಒತ್ತೊತ್ತಾಗಿ ನೆರೆದಿವೆ. ಸರಕು ತಯಾರಾಗುವ ಜಾಗಕ್ಕೂ ಹೊರಹಾಕುವ ಬಾಗಿಲಿಗೂ ನಡುವಿನ ದೂರ ತೀರಾ ಕಡಿಮೆ.

ಕೊನೆಯ ಹೆಜ್ಜೆ ಬಾಗಿಲಾಚೆ

ಸಿಬಿಜಿಎಯನ್ನು ಟಿಎಚ್‌ಸಿಎ ಮಾಡುವ ಕಿಣ್ವ ಟಿಎಚ್‌ಸಿಎ ಸಿಂಥೇಸ್. ಅದರ ಜೀನನ್ನು ಜಪಾನಿನ ಸಂಶೋಧಕರು ಪ್ರತ್ಯೇಕಿಸಿದ್ದು 2004ರಲ್ಲಿ. 545 ಅಮೈನೋ ಆಮ್ಲಗಳ ಈ ಪ್ರೋಟೀನಿನ ಮೊದಲ 28 ಒಂದು ವಿಳಾಸಚೀಟಿ: ‘ಇದನ್ನು ಕೋಶದಿಂದ ಹೊರಗೆ ಕಳಿಸಿ’ ಎನ್ನುವ ಸಂಕೇತ. ಮುಂದಿನ ವರ್ಷ ಅದೇ ಗುಂಪು ಈ ಕಿಣ್ವ ಗ್ರಂಥಿಯ ಶೇಖರಣೆಯ ಪೊಳ್ಳಿನಲ್ಲೇ ಇದೆ ಎಂದು ತೋರಿಸಿತು. ಹೊಳೆಯುವ ಹಸಿರು ಪ್ರೋಟೀನನ್ನು ಇದಕ್ಕೆ ಜೋಡಿಸಿ ತಂಬಾಕು ಗಿಡದಲ್ಲಿ ಇಟ್ಟಾಗಲೂ ಅದು ಹೋಗಿ ಸೇರಿದ್ದು ಗ್ರಂಥಿರೋಮದ ತಲೆಯನ್ನೇ.

ಕಿಣ್ವ ಮಾಡುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದು ಹೊರಗಿರಲು ಎರಡನೆಯ ಕಾರಣವೂ ಸಿಗುತ್ತದೆ. ಸಿಬಿಜಿಎಯ ಅಣುತೂಕ 360.5, ಟಿಎಚ್‌ಸಿಎಯದ್ದು 358.5. ವ್ಯತ್ಯಾಸ ಎರಡು, ಅಂದರೆ ಎರಡು ಜಲಜನಕ. ಕಿಣ್ವದೊಳಗೆ ಎಫ್‌ಎಡಿ ಎಂಬ ಸಹಾಯಕ ಅಣು ಗಟ್ಟಿಯಾಗಿ ಬೆಸೆದುಕೊಂಡಿದೆ, 114ನೇ ಸ್ಥಾನದ ಹಿಸ್ಟಿಡಿನ್‌ಗೂ 176ನೇ ಸ್ಥಾನದ ಸಿಸ್ಟೀನ್‌ಗೂ. ಆ ಎಫ್‌ಎಡಿ ಜಲಜನಕವನ್ನು ಕಿತ್ತುಕೊಂಡು ಆಮ್ಲಜನಕಕ್ಕೆ ದಾಟಿಸುತ್ತದೆ. ಅಲ್ಲಿಗೆ ಹುಟ್ಟುವುದು ಹೈಡ್ರೋಜನ್ ಪೆರಾಕ್ಸೈಡ್. ಒಂದು ಟಿಎಚ್‌ಸಿಎಗೆ ಒಂದು ಪೆರಾಕ್ಸೈಡ್, ಸಾಲವಿಲ್ಲದ ಲೆಕ್ಕ. ಒಣಗಿದ ಹೂವಿನ ತೂಕದಲ್ಲಿ ಟಿಎಚ್‌ಸಿಎ ಶೇಕಡಾ 20 ದಾಟುವ ತಳಿಗಳಿವೆ. ಅಷ್ಟೇ ಸಂಖ್ಯೆಯ ಪೆರಾಕ್ಸೈಡ್ ಅಣುಗಳು ಕೋಶದ ಒಳಗೆ ಹುಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಉತ್ಪನ್ನವೂ ವಿಷ, ಉಪೋತ್ಪನ್ನವೂ ವಿಷ. ಎರಡನ್ನೂ ಹೊರಗೇ ಹುಟ್ಟಿಸುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಕಿಣ್ವಕ್ಕೆ ಒಗ್ಗುವ ಪಿಎಚ್ ಐದರ ಆಸುಪಾಸು, ಹುಳಿಯ ಕಡೆ. ಕೋಶದ್ರವದ ಪಿಎಚ್ ಏಳರ ಹತ್ತಿರ. ಸಸ್ಯದ ಕೋಶಭಿತ್ತಿಯ ಪ್ರದೇಶವೋ ಹುಳಿಯಾದದ್ದೇ. ಇಲ್ಲೂ ಜಾಗ ಮತ್ತು ಕೆಲಸ ಹೊಂದಿಕೊಂಡಿವೆ.

ಅಮಲು ಬರಿಸದ ಸಿಬಿಡಿಯ ಆಮ್ಲರೂಪ ಸಿಬಿಡಿಎ. ಅದನ್ನು ಮಾಡುವ ಕಿಣ್ವ ಇದರ ಸೋದರಿ. ಅಮೈನೋ ಆಮ್ಲಗಳ ಸಾಲು ಶೇಕಡಾ 84ರಷ್ಟು ಒಂದೇ. ಇಬ್ಬರೂ ಸಿಬಿಜಿಎಯಿಂದಲೇ ಶುರುಮಾಡುತ್ತಾರೆ, ಒಂದೇ ಮಧ್ಯಂತರ ಅಣುವಿನವರೆಗೆ ಜೊತೆಯಾಗಿ ಬರುತ್ತಾರೆ. ಅಲ್ಲಿಂದಾಚೆ ಪ್ರೋಟಾನನ್ನು ಎಲ್ಲಿಂದ ಕೀಳುತ್ತಾರೆ ಎಂಬುದರಲ್ಲಿ ದಾರಿ ಕವಲೊಡೆಯುತ್ತದೆ. ಟಿಎಚ್‌ಸಿಎ ಸಿಂಥೇಸ್ ಹೈಡ್ರಾಕ್ಸಿಲ್ ಗುಂಪಿನಿಂದ ಕೀಳುತ್ತದೆ, ಆಗ ಆಮ್ಲಜನಕವನ್ನು ಒಳಗೊಂಡ ಇನ್ನೊಂದು ಉಂಗುರ ಮುಚ್ಚಿಕೊಳ್ಳುತ್ತದೆ. ಸಿಬಿಡಿಎ ಸಿಂಥೇಸ್ ತುದಿಯ ಮೀಥೈಲ್ ಗುಂಪಿನಿಂದ ಕೀಳುತ್ತದೆ, ಆ ಉಂಗುರ ತೆರೆದೇ ಉಳಿಯುತ್ತದೆ. ಅಮಲು ಬರಿಸುವ ಅಣುವಿಗೂ ಬರಿಸದ ಅಣುವಿಗೂ ನಡುವಿನ ಅಂತರ ಇಷ್ಟೇ. ಮೂರನೆಯ ಸೋದರಿ ಸಿಬಿಸಿಎ ಎಂಬ ಇನ್ನೊಂದು ಕ್ಯಾನಬಿನಾಯ್ಡ್ ಮಾಡುತ್ತದೆ. ಇವಾವುವೂ ಸರಿಯಾಗಿ ಕೆಲಸ ಮಾಡದ ಗಿಡಗಳಲ್ಲಿ ಸಿಬಿಜಿಎ ಮುಂದೆ ಹೋಗಲಾರದೆ ಹಾಗೇ ಶೇಖರವಾಗುತ್ತದೆ.

ಈ ಕಿಣ್ವಗಳು ನೂರಕ್ಕೆ ನೂರು ಕರಾರುವಾಕ್ಕೂ ಅಲ್ಲ. ಸಿಬಿಡಿಎ ಸಿಂಥೇಸ್ ತನ್ನ ಮುಖ್ಯ ಉತ್ಪನ್ನದ ಜೊತೆಗೆ ಸ್ವಲ್ಪ ಟಿಎಚ್‌ಸಿಎಯನ್ನೂ ಉದುರಿಸುತ್ತದೆ. ನಾರಿಗೋ ಸಿಬಿಡಿಗೋ ಬೆಳೆಸುವ, ಟಿಎಚ್‌ಸಿಎ ಸಿಂಥೇಸೇ ಇಲ್ಲದ ಹೆಂಪ್ ತಳಿಯಲ್ಲೂ ಟಿಎಚ್‌ಸಿ ಸೊನ್ನೆಯಾಗದೆ ಇರುವುದು ಇದರಿಂದ. ಹೂವು ಮಾಗುತ್ತ ಒಟ್ಟು ಕ್ಯಾನಬಿನಾಯ್ಡ್ ಏರಿದಂತೆ ಆ ಚೂರು ಪಾಲೂ ಅದೇ ಅನುಪಾತದಲ್ಲಿ ಏರುತ್ತದೆ. ಕಾನೂನಿನ ಮಿತಿಯ ಒಳಗಿದ್ದ ಬೆಳೆ ತಡವಾಗಿ ಪರೀಕ್ಷಿಸಿದಾಗ ಮಿತಿ ದಾಟಿರುವುದಕ್ಕೆ ಬೀಜದಲ್ಲಿ ಮೋಸವಾಗಿದೆ ಎಂದೇ ಅರ್ಥವಲ್ಲ. ಅನುಪಾತ ಬದಲಾಗಿಲ್ಲ, ಮೊತ್ತ ಬದಲಾಗಿದೆ.

ನೋಡಲು ಹೋದರೆ ಹಾಳಾಗುವ ವಸ್ತು

ಗ್ರಂಥಿಯ ಒಳರಚನೆ ಇಷ್ಟು ತಡವಾಗಿ ಸ್ಪಷ್ಟವಾಗುವುದಕ್ಕೆ ಒಂದು ತೀರಾ ವ್ಯಾವಹಾರಿಕ ಕಾರಣವಿದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಮಾದರಿ ಸಿದ್ಧಪಡಿಸುವ ಹಳೆಯ ವಿಧಾನದಲ್ಲಿ ಮೊದಲು ಗ್ಲುಟರಾಲ್ಡಿಹೈಡ್, ಆಮೇಲೆ ಆಸ್ಮಿಯಂ ಟೆಟ್ರಾಕ್ಸೈಡ್, ಆಮೇಲೆ ಎಥನಾಲ್ ಅಥವಾ ಅಸಿಟೋನಿನಲ್ಲಿ ಹಂತಹಂತವಾಗಿ ನೀರು ತೆಗೆಯುವುದು. ಬೇರೆ ಅಂಗಾಂಶಕ್ಕೆ ಇದು ಸರಿ. ಇಲ್ಲಿ ನೋಡಬೇಕಾದ ವಸ್ತುವೇ ಎಥನಾಲಿನಲ್ಲೂ ಅಸಿಟೋನಿನಲ್ಲೂ ಸಲೀಸಾಗಿ ಕರಗುವಂಥದ್ದು. ಕೊನೆಗೆ ಚಿತ್ರದಲ್ಲಿ ಸಿಗುವುದು ಖಾಲಿಯಾದ, ಕುಗ್ಗಿದ ಪೊಳ್ಳು. ಅಲ್ಲಿ ಕಾಣುವ ಹನಿಗಳು ಗಿಡದವೋ ದ್ರಾವಕ ಎಬ್ಬಿಸಿದ ಅವಶೇಷಗಳೋ ಎಂಬ ಅನುಮಾನ ಬೇರೆ. ಸ್ಕ್ಯಾನಿಂಗ್ ಸೂಕ್ಷ್ಮದರ್ಶಕದಲ್ಲಿ ಹಸಿ ಮಾದರಿಯನ್ನು ನೇರ ನಿರ್ವಾತಕ್ಕೆ ಒಡ್ಡಿದರೆ ತಲೆಗಳು ಸೊರಗಿದ ಚೀಲಗಳಂತೆ ಕುಸಿಯುತ್ತವೆ. ಎಷ್ಟೋ ಪುಸ್ತಕಗಳಲ್ಲಿ ಈ ಕುಸಿದ ತಲೆಗಳನ್ನೇ ಗ್ರಂಥಿಯ ನಿಜವಾದ ಆಕಾರ ಎಂಬಂತೆ ಅಚ್ಚು ಹಾಕಿದ್ದಾರೆ.

ಹಾಗಾಗಿ ಈಗ ಹಿಡಿದಿರುವ ದಾರಿ ಹೆಪ್ಪುಗಟ್ಟಿಸುವುದು. ಅತ್ಯಧಿಕ ಒತ್ತಡದಲ್ಲಿ ಕಣ್ಣು ಮಿಟುಕಿಸುವುದರೊಳಗೆ ಮಾದರಿಯನ್ನು ತಣಿಸಿದರೆ ನೀರು ಹರಳುಗಟ್ಟಿ ಪೊರೆಗಳನ್ನು ಹರಿಯುವ ಮುನ್ನವೇ ಗಟ್ಟಿಯಾಗುತ್ತದೆ. ಆಮೇಲೆ ಶೂನ್ಯಕ್ಕಿಂತ ಬಹಳ ಕೆಳಗಿನ ತಾಪದಲ್ಲೇ ನಿಧಾನವಾಗಿ ಹಿಮವನ್ನು ದ್ರಾವಕದಿಂದ ಬದಲಿಸುವುದು. ಸೂಪರ್‌ಸೆಲ್‌ನ ಸೇತುವೆಗಳು ಕಣ್ಣಿಗೆ ಬಿದ್ದದ್ದು ಹೀಗೆ ಸಿದ್ಧಪಡಿಸಿದ ಮಾದರಿಗಳಲ್ಲಿ. ಸಾಧಾರಣ ಬೆಳಕಿನ ಸೂಕ್ಷ್ಮದರ್ಶಕ ಮಾತ್ರ ಇದ್ದರೆ ಹಸಿ ಬ್ರ್ಯಾಕ್ಟನ್ನು ನೀರಿನ ಹನಿಯಲ್ಲಿ ಇಟ್ಟು, ಗಾಜಿನ ಹೊದಿಕೆ ಒತ್ತದಂತೆ ಅಂಚಿಗೆ ಆಸರೆ ಕೊಟ್ಟು ನೋಡುವುದೇ ಲೇಸು. ಹೊದಿಕೆ ಒತ್ತಿದರೆ ಗುಮ್ಮಟ ಒಡೆದು ರಾಳ ನೀರಿನಲ್ಲಿ ಗುಂಡುಹನಿಗಳಾಗಿ ಚೆಲ್ಲುತ್ತದೆ. ಆಗ ಪಕ್ಕದ ಮಾಮೂಲಿ ಕೂದಲಿನ ಮೇಲೂ ಹನಿ ಅಂಟಿ, ಅದೂ ಗ್ರಂಥಿಯೇನೋ ಎಂಬ ಭ್ರಮೆ ಹುಟ್ಟುತ್ತದೆ. ಒಣಗಿದ ಮಾದರಿಯಲ್ಲಿ ತಲೆಗಳು ಕಾಣದಿದ್ದರೂ ಅಚ್ಚರಿಪಡಬೇಕಿಲ್ಲ. ತಲೆ ಮತ್ತು ಕಾಂಡದ ನಡುವಿನ ಆ ಕಿರಿದಾದ ಕುತ್ತಿಗೆ ಒಣಗಿದಾಗ ಸುಲಭವಾಗಿ ಮುರಿಯುತ್ತದೆ. ಬರಿಯ ಕಾಂಡಗಳ ಸಾಲು ಕಂಡರೆ ತಲೆಗಳು ಉದುರಿ ಪೊಟ್ಟಣದ ತಳ ಸೇರಿವೆ ಎಂದೇ ಲೆಕ್ಕ. ಹಾಗಾಗಿ ಪರೀಕ್ಷೆಗೆ ಕಳಿಸುವ ಮಾದರಿಯನ್ನು ಚೆನ್ನಾಗಿ ಪುಡಿಮಾಡಿ ಬೆರೆಸದೆ ಮೇಲಿನಿಂದ ಒಂದು ಚಿಟಿಕೆ ತೆಗೆದರೆ ಒಂದು ಅಂಕಿ, ತಳದಿಂದ ತೆಗೆದರೆ ಇನ್ನೊಂದು.

ಅಳತೆಯಲ್ಲಿ ಇದಕ್ಕಿಂತ ದೊಡ್ಡ ಎಡವಟ್ಟು ಆಮ್ಲದ ಬಾಲದ್ದು. ಬಿಸಿ ತಾಗಿದರೆ ಟಿಎಚ್‌ಸಿಎ ಒಂದು ಇಂಗಾಲದ ಡೈಆಕ್ಸೈಡ್ ಕಳೆದುಕೊಂಡು ಟಿಎಚ್‌ಸಿ ಆಗುತ್ತದೆ: 358.5ರಲ್ಲಿ 44 ಹೋಗಿ 314.5, ಇಪ್ಪತ್ತೆರಡು ಇಂಗಾಲದಿಂದ ಇಪ್ಪತ್ತೊಂದಕ್ಕೆ. ಅನಿಲ ಕ್ರೊಮಟೋಗ್ರಫಿ ಯಂತ್ರದ ಬಾಯಿಯೇ ಕಾದಿರುತ್ತದೆ. ಮಾದರಿ ಒಳಹೊಕ್ಕ ಕೂಡಲೇ ಆಮ್ಲ ಒಡೆಯುತ್ತದೆ, ಯಂತ್ರ ಟಿಎಚ್‌ಸಿ ಎಂದು ವರದಿ ಕೊಡುತ್ತದೆ. ಹೂವಿನಲ್ಲಿ ನಿಜಕ್ಕೂ ಎಷ್ಟು ಆಮ್ಲ, ಎಷ್ಟು ತಟಸ್ಥರೂಪ ಎಂದು ಆ ವರದಿಯಿಂದ ಹೇಳಲಾಗದು. ಮೊದಲೇ ಅಣುವಿಗೆ ಸಿಲೈಲ್ ಗುಂಪು ಜೋಡಿಸಿ ಬಾಲಕ್ಕೆ ಕಾಪು ಹಾಕಿದರೆ ಆಮ್ಲ ಉಳಿಯುತ್ತದೆ. ಅದಕ್ಕಿಂತ ಸಲೀಸಾದದ್ದು ದ್ರವ ಕ್ರೊಮಟೋಗ್ರಫಿ, ಅಲ್ಲಿ ಕಾಯಿಸುವ ಪ್ರಶ್ನೆಯೇ ಇಲ್ಲ, ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ಆಮೇಲೆ ಒಟ್ಟು ಹೇಳಬೇಕಾದರೆ ಗುಣಕ ಬೇಕು: 314.5ನ್ನು 358.5ರಿಂದ ಭಾಗಿಸಿದರೆ 0.877. ಉದಾಹರಣೆಗೆ ಶೇಕಡಾ 18 ಟಿಎಚ್‌ಸಿಎ, ಶೇಕಡಾ 1 ಟಿಎಚ್‌ಸಿ ಇರುವ ಮಾದರಿಯಲ್ಲಿ ಒಟ್ಟು ಟಿಎಚ್‌ಸಿ 18 × 0.877 + 1, ಅಂದರೆ 16.8. ಸುಮ್ಮನೆ ಕೂಡಿ 19 ಎಂದು ಬರೆದ ವರದಿ ಹೋಗಿಬಿಟ್ಟ ಡೈಆಕ್ಸೈಡನ್ನೂ ತೂಗಿದೆ ಎಂದರ್ಥ. ವರದಿಯಲ್ಲಿ ಸಿಬಿಎನ್ ಎಂಬ ಅಣು ಹೆಚ್ಚಿದ್ದರೆ ಅದು ಗಿಡ ಮಾಡಿದ್ದಲ್ಲ. ಬೆಳಕು, ಗಾಳಿ, ಕಾಲ ಸೇರಿ ಟಿಎಚ್‌ಸಿಯನ್ನು ಉತ್ಕರ್ಷಿಸಿದ ಗುರುತು, ಮಾದರಿ ಹಳೆಯದು ಎಂಬುದರ ಸೂಚನೆ.

ಗ್ರಂಥಿಯೇ ಕೈಕೊಡುವ ಒಂದು ಕಾಯಿಲೆಯನ್ನೂ ಇಲ್ಲಿ ಹೇಳಬೇಕು. ಹಾಪ್ ಲೇಟೆಂಟ್ ವಿರಾಯ್ಡ್ ಎಂಬುದು ಪ್ರೋಟೀನಿನ ಹೊದಿಕೆಯೂ ಇಲ್ಲದ, ಬರಿಯ ಆರ್‌ಎನ್‌ಎ ಉಂಗುರ. ಹೆಸರೇ ಹೇಳುವಂತೆ ಮೊದಲು ಗುರುತಾದದ್ದು ಹಾಪ್ ಬಳ್ಳಿಯಲ್ಲಿ. 2019ರಲ್ಲಿ ಕ್ಯಾಲಿಫೋರ್ನಿಯಾದ ಗಾಂಜಾ ಗಿಡಗಳಲ್ಲೂ ಪತ್ತೆಯಾಯಿತು. ಸೋಂಕಿದ ಗಿಡದಲ್ಲಿ ಗ್ರಂಥಿಗಳು ಕುಗ್ಗಿ ರಾಳ ಇಳಿಯುತ್ತದೆ, ಆದರೆ ಎಷ್ಟೋ ಸಲ ಹೊರಗೆ ಏನೂ ಗೊತ್ತಾಗುವುದಿಲ್ಲ. ಕತ್ತರಿಯಿಂದ, ಕಸಿಯಿಂದ, ಗೆಲ್ಲು ನೆಟ್ಟು ಸಸಿ ಮಾಡುವುದರಿಂದ ಹರಡುತ್ತದೆ.

ಗಿಡಕ್ಕೆ ಇದರಿಂದ ಏನು ಲಾಭ ಎಂಬ ಪ್ರಶ್ನೆಗೆ ಜನಪ್ರಿಯವಾದ ಉತ್ತರ ‘ನೇರಳಾತೀತ ಕಿರಣದಿಂದ ರಕ್ಷಣೆ’. 1987ರ ಒಂದು ಅಧ್ಯಯನದಲ್ಲಿ ಅಮಲಿನ ಬಗೆಯ ಗಿಡಗಳಿಗೆ ಯುವಿ-ಬಿ ಹೆಚ್ಚಿಸಿದಾಗ ಟಿಎಚ್‌ಸಿ ಏರಿದ್ದು ಇದಕ್ಕೆ ಮೂಲ. ಇದರ ಮೇಲೆ ಕಟ್ಟಿದ ಮಾತುಗಳು ಪ್ರಯೋಗಕ್ಕಿಂತ ಎಷ್ಟೋ ಎತ್ತರ ಬೆಳೆದಿವೆ. ಆಮೇಲಿನ ಪ್ರಯೋಗಗಳು ಆ ಏರಿಕೆಯನ್ನು ಸ್ಥಿರವಾಗಿ ತೋರಿಸಿಲ್ಲ. ನನಗೆ ಹೆಚ್ಚು ಒಪ್ಪುವುದು ಕೀಟದ ವಾದ. ಗ್ರಂಥಿಗಳು ದಟ್ಟವಾಗಿರುವುದು ಬೀಜ ಕಟ್ಟುವ ಅಂಡಾಶಯದ ಸುತ್ತಲಿನ ಕವಚದ ಮೇಲೆ, ಅಂದರೆ ಗಿಡ ಕಳೆದುಕೊಳ್ಳಲಾರದ ಜಾಗದಲ್ಲಿ. ಟಿಎಚ್‌ಸಿಎಯೂ ಸಿಬಿಜಿಎಯೂ ಕೀಟದ ಕೋಶಗಳನ್ನು ಕೊಲ್ಲುತ್ತವೆ. ಗ್ರಂಥಿ ಒಡೆದರೆ ಅಂಟು, ವಾಸನೆ, ವಿಷ ಮೂರೂ ಒಟ್ಟಿಗೇ ಸಿಡಿಯುತ್ತವೆ. ಬೇರಿನಲ್ಲಿ ಗ್ರಂಥಿಯಿಲ್ಲ, ಕ್ಯಾನಬಿನಾಯ್ಡೂ ಇಲ್ಲ. ಬೀಜದೊಳಗೂ ಇಲ್ಲ. ಬೀಜದ ಪರೀಕ್ಷೆಯಲ್ಲಿ ಸಿಗುವ ಚೂರುಪಾರು ಸಿಪ್ಪೆಗೆ ಹೊರಗಿನಿಂದ ಅಂಟಿದ ರಾಳ.

ಹಾಪ್ ಬಳ್ಳಿ ಇದೇ ಕುಟುಂಬದ್ದು. ಬಿಯರಿಗೆ ಕಹಿ ಕೊಡುವ ಆಮ್ಲಗಳು ಅದರ ಹೆಣ್ಣು ಹೂವಿನ ಗ್ರಂಥಿಗಳಲ್ಲೇ, ಹೆಚ್ಚೂಕಡಿಮೆ ಇದೇ ಬಗೆಯ ಉಂಗುರ ಕಟ್ಟಿ ಸರಪಳಿ ಹೊಲಿಯುವ ದಾರಿಯಲ್ಲೇ ತಯಾರಾಗುತ್ತವೆ. ಕುಟುಂಬದ ಹೊರಗೂ ಈ ವಿದ್ಯೆ ಬಲ್ಲವರಿದ್ದಾರೆ. ದಕ್ಷಿಣ ಆಫ್ರಿಕಾದ ಹೆಲಿಕ್ರೈಸಮ್ ಅಂಬ್ರಾಕ್ಯುಲಿಜೆರಮ್, ಸೂರ್ಯಕಾಂತಿಯ ಬಳಗದ ಗಿಡ, ಎಲೆಯ ಗ್ರಂಥಿರೋಮಗಳಲ್ಲಿ ಸಿಬಿಜಿಎ ತುಂಬಿಡುತ್ತದೆ. 2023ರಲ್ಲಿ ಅದರ ಕಿಣ್ವಗಳನ್ನು ಬಿಡಿಸಿ ನೋಡಿದಾಗ ಅವು ಗಾಂಜಾದಿಂದ ಬಂದವಲ್ಲ, ಸ್ವತಂತ್ರವಾಗಿ ವಿಕಾಸಗೊಂಡವು ಎಂದು ತಿಳಿಯಿತು. ಯೀಸ್ಟಿನಲ್ಲಿ ಈ ಇಡೀ ಸಾಲನ್ನು ಕೂರಿಸಿ ಸಕ್ಕರೆಯಿಂದ ಕ್ಯಾನಬಿನಾಯ್ಡ್ ಪಡೆದದ್ದು 2019ರಲ್ಲಿ. ಅಲ್ಲೂ ಕೊನೆಯ ಕಿಣ್ವವನ್ನು ಯೀಸ್ಟಿನ ಕೋಶದ್ರವದಲ್ಲಿ ಬಿಡಲಿಲ್ಲ, ವಿಳಾಸಚೀಟಿ ಬದಲಿಸಿ ರಸದಾನಿಗೆ, ಅಂದರೆ ಹುಳಿಯಾದ ಪಿಎಚ್ ಇರುವ ಚೀಲಕ್ಕೆ, ಕಳಿಸಿದರು. ರಾಡುಲಾ ಎಂಬ, ಹಾವಸೆಯಂಥ ಪುಟ್ಟ ಸಸ್ಯಗಳಾದ ಲಿವರ್‌ವರ್ಟ್‌ಗಳಲ್ಲಿ ಟಿಎಚ್‌ಸಿಗೆ ತೀರಾ ಹತ್ತಿರದ ಪೆರೊಟೆಟಿನೀನ್ ಇದೆ. ಆ ಗಿಡಗಳಿಗೆ ಗ್ರಂಥಿರೋಮ ಇಲ್ಲ. ಲಿವರ್‌ವರ್ಟ್‌ಗಳು ಇಂಥ ಸರಕನ್ನು ಕೋಶದೊಳಗೇ ತೈಲಕಾಯ ಎಂಬ ಪೊರೆಚೀಲದಲ್ಲಿ ಇಡುತ್ತವೆ. ಮಾರ್ಕಾಂಶಿಯಾ ಎಂಬ ಲಿವರ್‌ವರ್ಟ್‌ನಲ್ಲಿ ಆ ಚೀಲ ಹುಟ್ಟುವ ಬಗೆಯನ್ನು 2020ರಲ್ಲಿ ಬಿಡಿಸಿದಾಗ, ಕೋಶದಿಂದ ಹೊರಕ್ಕೆ ಸರಕು ಸಾಗಿಸುವ ದಾರಿಯನ್ನೇ ಒಳಕ್ಕೆ ತಿರುಗಿಸಿ ಅದನ್ನು ಕಟ್ಟಿರುವುದು ಕಂಡುಬಂತು.